ಕೂಕಾ ಬಾಯಿ ಮುಚ್ಚಿಕೊಂಡ ದಿನ

ಕೂಕಾ ಇಲ್ಬುದೊ ಎಂಬವನು ಓದಿ ಕಲಿಯದ ವಿದ್ಯೆ ಇರಲಿಲ್ಲ. ಕಲಿತು ಉದ್ಧಾರವಾದ ವಿದ್ಯೆಯೂ ಇರಲಿಲ್ಲ. ನಮ್ಮೂರು ಊಗಡೂಗುವಿನ ದೊಡ್ಡ ಮಾರುಕಟ್ಟೆಗೆ ಸ್ವಲ್ಪ ಆಚೆ, ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಹಳೆ ಪುಸ್ತಕ ಮಾರುತ್ತಿದ್ದ. ನಮ್ಮೂರಿಗೆ ಬಂದ ಫ್ರೆಂಚರು ವಾಪಸ್ ಹೋಗುವಾಗ ಹಾಸಿಗೆ, ಫ್ಯಾನು ಮಾರಿ ಪುಸ್ತಕಗಳನ್ನು ಕಾವಲುಗಾರನಿಗೆ ಬಿಟ್ಟು ಹೋಗುತ್ತಾರೆ. ಕಾವಲುಗಾರರು ಅವನ್ನು ಕತ್ತೆಗಾಡಿಗೆ ಹೇರಿಕೊಂಡು ಬಂದು ಕೂಕಾನ ಮುಂದೆ ಸುರಿಯುತ್ತಿದ್ದರು. ಶಾಲೆ ಪುಸ್ತಕಗಳು ಬೇಗ ಮಾರಿಹೋಗುತ್ತಿದ್ದವು, ಪ್ರೇಮದ ಕಾದಂಬರಿಗಳಂತೂ ಕೈಗೇ ಸಿಗುತ್ತಿರಲಿಲ್ಲ. ಉಳಿಯುತ್ತಿದ್ದದ್ದು ಯಾರಿಗೂ ಬೇಡದ ಸರಕು: ನೀರುಬಣ್ಣ ಬಳಿಯುವುದು ಹೇಗೆ, ಬಟ್ಟೆ ಬೊಂಬೆ ಕುಣಿಸುವುದು ಹೇಗೆ, ಹೂದಾನಿಯಲ್ಲಿ ಹೂ ಜೋಡಿಸುವುದು ಹೇಗೆ. ಬಿಸಿಲು ನೆತ್ತಿಗೇರಿ ಗಿರಾಕಿಗಳು ಬರುವುದು ನಿಂತ ಮೇಲೆ ಕೂಕಾ ಇವನ್ನು ಓದುತ್ತಿದ್ದ. ಅಚ್ಚಾದದ್ದು ಸುಳ್ಳಿರಬಹುದು ಎಂಬ ಅನುಮಾನ ಆ ಮನುಷ್ಯನಿಗೆ ಒಂದು ದಿನವೂ ಬಂದಿರಲಿಲ್ಲ.

ಒಂದು ಸಲ ಅವನ ಕೈಗೆ ಫ್ರೆಂಚ್ ಶೈಲಿಯಲ್ಲಿ ಗೀಚುಚಿತ್ರ ಬರೆಯುವ ಪುಸ್ತಕ ಸಿಕ್ಕಿತು. ಕಿಟಕಿಯಲ್ಲಿ ಕೂತ ಬೆಕ್ಕು, ಬುಟ್ಟಿಯಲ್ಲಿ ಉದ್ದುದ್ದ ಬ್ರೆಡ್ಡು ಇಟ್ಟುಕೊಂಡ ಸೈಕಲ್ಲು, ಕೊಡೆ ಹಿಡಿದ ಹೆಂಗಸು, ಎಲ್ಲ ಮೂರು ನಾಲ್ಕು ಗೆರೆಯಲ್ಲಿ. ಕೈ ಸಡಿಲ ಬಿಡು, ಗೆರೆ ಕಡಿಮೆ ಎಳೆ, ಉಳಿದದ್ದನ್ನು ನೋಡುವವನಿಗೆ ಬಿಡು ಎಂದು ಪುಸ್ತಕ ಹೇಳುತ್ತಿತ್ತು. ಕೂಕಾ ಇದ್ದಿಲು ಹಿಡಿದು ಸಿಕ್ಕ ಗೋಡೆಯ ಮೇಲೆಲ್ಲ ಬೆಕ್ಕು ಬರೆದ. ಆಮೇಲೆ ಪಕ್ಕದಲ್ಲಿ ಜಡೆ ಹೆಣೆಯುವ ಅಂಗಡಿ ಇಟ್ಟಿದ್ದ ಅಜಾರಾ ತನ್ನ ಬಾಗಿಲಿಗೆ ಹೊಸ ಬೋರ್ಡು ಬೇಕೆಂದಾಗ, ನಾನೇ ಬರೆದುಕೊಡುತ್ತೇನೆಂದು ಒಪ್ಪಿಕೊಂಡ.

ಬೋರ್ಡಿನ ಮೇಲಿದ್ದ ಹೆಂಗಸಿನ ಮುಖದ ಮೇಲೆ ಅಜಾರಾ ಬೆರಳಾಡಿಸಿದಳು.

"ಕೂಕಾ, ಇವಳ ಮೂಗೆಲ್ಲಿ?"

"ಮೂಗು ನೋಡೋರ ಮನಸ್ಸಲ್ಲಿರುತ್ತೆ ಅಜಾರಾ. ಪುಸ್ತಕದಲ್ಲಿ ಹಂಗೇ ಇದೆ."

"ನನ್ನ ಗಿರಾಕಿಗಳಿಗೆ ಮೂಗು ಮುಖದಲ್ಲೇ ಇರೋದಪ್ಪ. ಜಡೆಯಾದ್ರೂ ಇದೆಯಾ ಅಂದ್ರೆ ಅದೂ ಒಂದೇ ಗೆರೆ. ಒಂದು ಜಡೆ ಹಾಕಿ ದುಡ್ಡು ಇಸ್ಕೋತಾಳೆ ಅಂದ್ಕೊಳ್ಳಲ್ವಾ ಜನ?"

ರಸ್ತೆಯ ಆಚೆ ಪಂಕ್ಚರ್ ಅಂಗಡಿ ಇಟ್ಟಿದ್ದ ಜೆರ್ಬೊ ಮೊಪೆಡ್ಡಿನ ಚಕ್ರ ಬಿಚ್ಚುತ್ತಾ ತಲೆ ಎತ್ತಿದ. "ಬಿಡಮ್ಮ ಅಜಾರಾ. ಈ ಮೋಸಿ ಕುಲದವರು ಹೆಂಗಸನ್ನ ನೋಡಿರೋದೇ ಅಷ್ಟು ದೂರದಿಂದ. ಹತ್ರ ಯಾರು ಬಿಟ್ಕೋತಾರೆ ಇವರನ್ನ?"

"ನೀವು ಸಾಮೊಗಳು ಹತ್ರ ಬಂದ್ರೆ ಹೆಂಗಸ್ರಿರಲಿ, ನಾಯಿಗಳೇ ಓಡ್ತವೆ," ಅಂದ ಕೂಕಾ. "ಪಾತ್ರೆಗೆ ಹಾಕ್ಕೊಂಡುಬಿಡ್ತಾರೆ ಅಂತ."

ಅಜಾರಾಳೂ ನಕ್ಕಳು, ಬೀದಿಯೂ ನಕ್ಕಿತು. ಮರುದಿನ ಬೋರ್ಡು ಬರೆಯುವವನೊಬ್ಬ ಬಂದು ಆ ಗೆರೆಗಳ ಮೇಲೆಯೇ ಕಣ್ಣು, ಮೂಗು, ತುಟಿ, ಇಪ್ಪತ್ತು ಜಡೆ ತುಂಬಿ ಹೋದ. ಕೂಕಾ ಬೇಜಾರು ಮಾಡಿಕೊಳ್ಳಲಿಲ್ಲ. ಪುಸ್ತಕ ಸರಿಯಿದೆ, ಬೀದಿ ಇನ್ನೂ ತಯಾರಿಲ್ಲ, ಅಷ್ಟೇ ಅಂದುಕೊಂಡ. ಅವನ ಸ್ವಭಾವದಲ್ಲಿದ್ದ ಕೇಡೆಲ್ಲ ಇಷ್ಟೇ, ಆದರೆ ಅಷ್ಟು ಸಾಕಾಯಿತು.

ಜೆರ್ಬೊ ಸಾಮೊ ಕುಲದವನು, ಕೂಕಾ ಮೋಸಿ. ಈ ಎರಡು ಕುಲಗಳ ನಡುವೆ ಹಾಸ್ಯದ ನಂಟು ಇದೆ. ಯಾವ ಅಜ್ಜಂದಿರು ಯಾವ ಜಗಳ ಮುಗಿಸಿ ಈ ಒಪ್ಪಂದ ಮಾಡಿಕೊಂಡರೋ, ಅಂತೂ ಸಾಮೊ ಎದುರಿಗೆ ಬಂದರೆ ಮೋಸಿಯವನು ಬೈಯಬೇಕು, ಮೋಸಿ ಎದುರಾದರೆ ಸಾಮೊ ಬೈಯಬೇಕು. ನೀನು ನನ್ನ ಆಳು, ನಿನ್ನ ಅಜ್ಜನನ್ನು ನನ್ನಜ್ಜ ಒಂದು ಬುಟ್ಟಿ ಕಡಲೆಕಾಯಿಗೆ ಕೊಂಡಿದ್ದ, ನೀನು ನಾಯಿ ತಿನ್ನುವವನು, ಏನು ಬೇಕಾದರೂ ಅನ್ನಬಹುದು. ಸಿಟ್ಟು ಮಾತ್ರ ಮಾಡುವ ಹಾಗಿಲ್ಲ. ಅನ್ನಿಸಿಕೊಂಡವನು ತಿರುಗಿ ಅನ್ನದೆ ಇರುವ ಹಾಗೂ ಇಲ್ಲ. ಮೋಸಿ ಪೊಲೀಸಿನವನು ದಂಡ ಹಾಕಲು ನಿಲ್ಲಿಸಿ, ಹೆಸರು ಕೇಳಿ, ಸಾಮೊ ಎಂದು ಗೊತ್ತಾದರೆ ದಂಡ ಬಿಟ್ಟು ಬೈಗುಳಕ್ಕೆ ಶುರು ಮಾಡುವುದು ನಮ್ಮಲ್ಲಿ ದಿನಾ ನಡೆಯುವ ಸಂಗತಿ.

ಕೂಕಾ ಮತ್ತು ಜೆರ್ಬೊ ಬೆಳಗಾದರೆ ಇದನ್ನೇ ಮಾಡುತ್ತಿದ್ದರು. ಜೆರ್ಬೊ ಶುರು ಮಾಡುತ್ತಿದ್ದ.

"ಏ ಆಳೇ, ಒಡೆಯ ಬಂದು ಎಷ್ಟೊತ್ತಾಯ್ತು, ಈಗ ಬರ್ತಿದೀಯಾ? ನನ್ನ ಅಂಗಡಿ ಮುಂದೆ ಕಸ ಯಾರು ಗುಡಿಸ್ಬೇಕು?"

"ಬಾಯಲ್ಲಿರೋ ನಾಯಿಮೂಳೆ ನುಂಗಿ ಮಾತಾಡೋ. ಉಗುಳು ಪುಸ್ತಕದ ಮೇಲೆ ಬೀಳುತ್ತೆ."

"ಬೀಳಲಿ ಬಿಡು. ನೆನೆದ್ರೆ ನಿನ್ನ ತಲೆಗೆ ಬೇಗ ಇಳಿಯುತ್ತೆ."

ಮಧ್ಯಾಹ್ನ ಕೂಕಾನ ತಾಯಿ ಲಮೂಸಾ ಸಜ್ಜೆಮುದ್ದೆ, ಬೆಂಡೆಸಾರು ತರುತ್ತಿದ್ದಳು. ಇಬ್ಬರಿಗೂ ಒಂದೇ ಬೋಗುಣಿ. ಜೆರ್ಬೊ ಗ್ರೀಸ್ ಕೈಯನ್ನು ಮರಳಿನಲ್ಲಿ ಉಜ್ಜಿಕೊಂಡು ಬಂದು, "ಬಾರೇ ನನ್ನ ಹೆಂಡ್ತಿ, ಇವತ್ತಾದ್ರೂ ಉಪ್ಪು ಹಾಕಿದೀಯಾ?" ಎಂದು ಕೇಳುತ್ತಿದ್ದ. ಎಪ್ಪತ್ತು ದಾಟಿದ ಲಮೂಸಾ ಸೊಂಟದ ಮೇಲೆ ಕೈ ಇಟ್ಟು, "ನಿನ್ನಂಥ ಗಂಡನಿಗೆ ಹಾಕೋ ಮುದ್ದೆ ಬಾವಿಗೆ ಹಾಕಿದ್ರೆ ಕಪ್ಪೆಗಳಾದ್ರೂ ನನ್ನ ಹೆಸರು ಹೇಳ್ತಿದ್ವು," ಅನ್ನುತ್ತಿದ್ದಳು. ಅವಳಿಗೆ ದಿನದಲ್ಲಿ ಇದೇ ಒಂದು ಸಂತೋಷ. ಊಟ ಕೊಡುವ ನೆಪದಲ್ಲಿ ಬೈಸಿಕೊಳ್ಳಲು ಬರುತ್ತಾಳೆ ಎಂದು ಅಜಾರಾ ಹೇಳುತ್ತಿದ್ದದ್ದು ಸುಳ್ಳಲ್ಲ.

ಕೂಕಾನ ತಂದೆ ತೀರಿಕೊಂಡಾಗ ಶವಪೆಟ್ಟಿಗೆ ಹೊತ್ತವರು ಜೆರ್ಬೊನ ಅಂಗಡಿ ದಾಟಲಾಗಲಿಲ್ಲ. ಅವನು ರಸ್ತೆಗೆ ಅಡ್ಡಲಾಗಿ ಅಂಗಾತ ಮಲಗಿಬಿಟ್ಟಿದ್ದ. "ನನ್ನ ಆಳನ್ನ ನನ್ನ ಕೇಳದೆ ಎಲ್ಲಿಗೆ ಸಾಗಿಸ್ತಿದೀರಿ? ಇವನು ಇನ್ನೂ ನನ್ನ ಹೊಲ ಉತ್ತು ಮುಗಿಸಿಲ್ಲ. ಎಬ್ಬಿಸಿ ಅವನನ್ನ." ಹೊತ್ತವರು ಬೇಡಿದರು, ಕೋಳಿ ಕೊಡುತ್ತೇವೆಂದರು. ಕೋಳಿ ಬಡಕಲು ಎಂದು ಅವನು ಮತ್ತೆ ಮಲಗಿದ. ಅಳುತ್ತಿದ್ದ ಲಮೂಸಾ ಅಳುತ್ತಲೇ ನಕ್ಕಳು, ನಗುತ್ತಲೇ ಅತ್ತಳು. ಸಾಮೊ ನಂಟನಿಂದ ಹೀಗೆ ತಡೆಸಿಕೊಂಡು ಹೋದರೇ ಮೋಸಿಯವನು ಮರ್ಯಾದೆಯಿಂದ ಹೋದ ಹಾಗೆ. ಯಾರೂ ತಡೆಯದೆ ಸಲೀಸಾಗಿ ಹೋಗುವುದು ಪರದೇಶಿಯ ಹೆಣ.

ಇಷ್ಟು ಹೇಳಿಕೊಂಡ ಮೇಲೆ ಸಿನಿಮಾ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಬರದೆ ಇರುವ ಹಾಗಿದ್ದರೆ ಚೆನ್ನಾಗಿತ್ತು.

ನಮ್ಮೂರಲ್ಲಿ ಎರಡು ವರ್ಷಕ್ಕೊಮ್ಮೆ ಸಿನಿಮಾ ಹಬ್ಬ ಆಗುತ್ತದೆ. ಆ ದಿನಗಳಲ್ಲಿ ಊರಿನ ಮೊಪೆಡ್ಡಿನವನಿಗೂ ಸಿನಿಮಾ ಬಗ್ಗೆ ಒಂದು ಅಭಿಪ್ರಾಯ ಇರುತ್ತದೆ. ಅಂಥದೊಂದು ಹಬ್ಬ ಮುಗಿದ ವಾರ ಕತ್ತೆಗಾಡಿಯಲ್ಲಿ ಸಿನಿಮಾ ನಿರ್ದೇಶನ ಕಲಿಸುವ ದಪ್ಪ ಪುಸ್ತಕ ಬಂತು. ಕೂಕಾ ಅದನ್ನು ಮಾರಾಟಕ್ಕೆ ಇಡಲೇ ಇಲ್ಲ. ಮಳೆಗಾಲ ಪೂರ್ತಿ ಓದಿದ. ಹತ್ತಿರದ ಚಿತ್ರ, ದೂರದ ಚಿತ್ರ, ಬೆಳಕು ಯಾವ ಕಡೆಯಿಂದ, ಮಾತು ಹೇಗೆ ಬರೆಯಬೇಕು, ಎಲ್ಲ ಬಾಯಿಪಾಠ. ನಲವತ್ತೈದು ವಯಸ್ಸಾಗಿತ್ತು, ಮದುವೆ ಆಗಿರಲಿಲ್ಲ. ಕಲಿತದ್ದರಲ್ಲಿ ಒಂದಾದರೂ ಸರಿಯಾಗಿ ಹೊರಗೆ ಬರಲಿ, ಜನ ನೋಡಿ ಇದು ಕೂಕಾ ಮಾಡಿದ್ದು ಅನ್ನಲಿ ಎಂಬ ಆಸೆ ಅವನ ಹೊಟ್ಟೆಯೊಳಗೆ ಕೂತಿತ್ತು. ಅದನ್ನು ಅವನು ತಾಯಿಯ ಹತ್ತಿರ ಮಾತ್ರ ಹೇಳಿದ್ದ.

"ಅದಕ್ಕೆ ಅಷ್ಟೊಂದು ಓದ್ಬೇಕೇನೋ," ಅಂದಳು ಲಮೂಸಾ. "ಆ ನಾಯಿತಿನ್ನೋನನ್ನ ನಿಲ್ಲಿಸಿ ಬಾಯಿ ಬಿಡಿಸು. ಅವನಿಗಿಂತ ಸಿನಿಮಾ ಇದೆಯಾ?"

ತಾಯಿಯ ಮಾತು ಮಗನಿಗೆ ಹಿಡಿಸಿತು. ಜೆರ್ಬೊನ ಒಂದು ದಿನ, ಅದೇ ಸಿನಿಮಾ. ಮದುವೆ ವಿಡಿಯೋ ತೆಗೆಯುವ ಇನೂಸಾ ಎಂಬ ಹುಡುಗಾಟದ ಮನುಷ್ಯ ಮದುವೆಗಳಿಲ್ಲದ ತಿಂಗಳಲ್ಲಿ ತನ್ನ ಕ್ಯಾಮೆರಾ ಕೊಟ್ಟ. ಜೆರ್ಬೊನಿಗೆ ಹೇಳಿದಾಗ ಅವನು ದೊಡ್ಡ ಗತ್ತಿನಿಂದ, "ಕೊನೆಗೂ ನನ್ನ ಆಳಿಗೆ ಒಡೆಯನ ಮುಖದ ಬೆಲೆ ಗೊತ್ತಾಯ್ತು," ಎಂದು ಕ್ಷೌರ ಮಾಡಿಸಿಕೊಂಡು, ಹಬ್ಬಕ್ಕೆ ಹೊಲಿಸಿದ್ದ ನೀಲಿ ಅಂಗಿ ಹಾಕಿಕೊಂಡು ಬಂದ. ಪಂಕ್ಚರ್ ಹಾಕುವವನು ಆ ಅಂಗಿಯಲ್ಲಿ ಕೂತಿದ್ದನ್ನು ನೋಡಲು ಬೀದಿ ಸೇರಿತು.

ಕೂಕಾ ಕ್ಯಾಮೆರಾವನ್ನು ಪುಸ್ತಕದ ರಾಶಿಯ ಮೇಲೆ ಇಟ್ಟು ಕಣ್ಣು ಹಚ್ಚಿದ. ಚಿತ್ರ ತೆಗೆಯುವಾಗ ನಿರ್ದೇಶಕನ ದನಿ ಯಾವ ಕಾರಣಕ್ಕೂ ಕೇಳಬಾರದು ಎಂದು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿತ್ತು. ಸರಿಬರುವ ತನಕ ಮತ್ತೆ ಮತ್ತೆ ಮಾಡಿಸು ಎಂದೂ ಇತ್ತು.

"ಶುರು ಮಾಡು," ಅಂದ ಕೂಕಾ. ಅದೇ ಆ ದಿನ ಅವನಾಡಿದ ಕೊನೆಯ ಮಾತು.

ಜೆರ್ಬೊ ಸ್ಪ್ಯಾನರ್ ಎತ್ತಿ ತೋರಿಸಿ ಬೈಯತೊಡಗಿದ. "ಏ ಆಳೇ, ಒಕ್ಕಣ್ಣಲ್ಲಿ ಏನು ನೋಡ್ತಿದೀಯಾ? ಇನ್ನೊಂದು ಕಣ್ಣು ನಿಮ್ಮಜ್ಜ ನಮ್ಮಜ್ಜನ ಹತ್ರ ಒತ್ತೆ ಇಟ್ಟನಾ?"

ಜನ ನಕ್ಕರು. ಜೆರ್ಬೊ ಉತ್ತರಕ್ಕೆ ಕಾದ. ಉತ್ತರ ಬರಲಿಲ್ಲ. ಕೂಕಾ ಕೈಬೆರಳನ್ನು ಗಾಳಿಯಲ್ಲಿ ತಿರುಗಿಸಿ, ಇನ್ನೊಮ್ಮೆ ಎಂದು ಸನ್ನೆ ಮಾಡಿದ.

"ಇನ್ನೊಮ್ಮೆನಾ? ಯಾಕೆ, ಕಿವೀನೂ ಒತ್ತೆ ಇಟ್ಟಿದಾನಾ?"

ಮತ್ತೆ ನಗು, ಮತ್ತೆ ಕೂಕಾನ ಕಡೆಯಿಂದ ಏನೂ ಇಲ್ಲ. ಜೆರ್ಬೊ ತನ್ನಲ್ಲಿದ್ದ ಸರಕನ್ನೆಲ್ಲ ಒಂದೊಂದಾಗಿ ತೆಗೆದ. ಕಡಲೆಕಾಯಿ ಬುಟ್ಟಿಯ ಬೈಗುಳ, ಮೋಸಿಯವರು ಕುದುರೆಯಿಂದ ಬಿದ್ದ ಬೈಗುಳ, ಅಜಾರಾಳ ಬೋರ್ಡಿನ ಮೂಗಿಲ್ಲದ ಹೆಂಗಸಿನ ಬೈಗುಳ. ಪ್ರತಿಯೊಂದಾದ ಮೇಲೂ ಅವನ ಕಣ್ಣು ಕ್ಯಾಮೆರಾದ ಪಕ್ಕಕ್ಕೆ, ಕೂಕಾನ ಮುಖವಿದ್ದ ಕಡೆಗೆ ಹೋಗುತ್ತಿತ್ತು. ಕೂಕಾ ತುಟಿ ಕಚ್ಚಿಕೊಂಡಿದ್ದ. ಅವನ ಬಾಯಿಗೂ ಮಾತು ಬರುತ್ತಿತ್ತು, ಒಳ್ಳೊಳ್ಳೆಯವೇ ಬರುತ್ತಿದ್ದವು, ಎಲ್ಲವನ್ನೂ ನುಂಗಿದ. ನುಂಗಿದಷ್ಟೂ ತಾನು ನಿರ್ದೇಶಕನಾಗುತ್ತಿದ್ದೇನೆ ಅನ್ನಿಸಿತು.

ಗುಂಪಿನಲ್ಲಿದ್ದ ಮುದುಕನೊಬ್ಬ, "ಉತ್ತರ ಕೊಡೋ, ಪಾಪ, ಅವನು ಕಾಯ್ತಿದಾನೆ," ಅಂದ. ಕೂಕಾ ತಿರುಗಿ ತುಟಿಯ ಮೇಲೆ ಬೆರಳಿಟ್ಟು ಅವನ ಬಾಯಿಯನ್ನೂ ಮುಚ್ಚಿಸಿದ.

ಜೆರ್ಬೊ ಎದ್ದು ನಿಂತ. ಕೊನೆಯ ಅಸ್ತ್ರವನ್ನು ತೆಗೆದ. "ಲಮೂಸಾ ನನ್ನ ಹೆಂಡ್ತಿ. ಅಂದ್ರೆ ನೀನು ನನ್ನ ಮಗ. ಹುಟ್ಟಿದ ದಿನವೇ ನಿನ್ನ ಮುಖ ನೋಡಿ, ಇದನ್ನ ಕತ್ತೆಗೆ ಕೊಟ್ಟುಬಿಡು ಅಂದಿದ್ದೆ. ಅವಳು ಕೇಳ್ಲಿಲ್ಲ."

ಇದಕ್ಕೆ ಸತ್ತ ಮೋಸಿಯವನೂ ಎದ್ದು ಉತ್ತರ ಕೊಡುತ್ತಾನೆ. ಕೂಕಾ ಕೊಡಲಿಲ್ಲ. ಬೆರಳು ತಿರುಗಿಸಿ ಇನ್ನೊಮ್ಮೆ ಅಂದ.

ಜನ ಈ ಸಲ ನಗಲಿಲ್ಲ. ತಾಯಿಯ ಮಾತು ಎತ್ತಿದ ಮೇಲೂ ಎದುರಿನವನು ಕಲ್ಲಾಗಿ ಕೂತಿದ್ದಾನೆಂದರೆ ಅವನಿಗೆ ನಿಜವಾಗಿ ನೋವಾಗಿದೆ ಎಂದೇ ನಮ್ಮಲ್ಲಿ ಅರ್ಥ. ಜೆರ್ಬೊನ ಮುಖದಲ್ಲಿ ಗಾಬರಿ ಕಂಡಿತು. ಸ್ಪ್ಯಾನರ್ ಕೆಳಗಿಟ್ಟ. ಕೈಯನ್ನು ಆ ನೀಲಿ ಅಂಗಿಗೇ ಒರೆಸಿಕೊಂಡ.

"ತಪ್ಪಾಯ್ತು," ಅಂದ. "ಮನಸ್ಸಿಗೆ ಹಚ್ಕೋಬೇಡಿ."

ಕೂಕಾ ಕ್ಯಾಮೆರಾ ನಿಲ್ಲಿಸಿ ಖುಷಿಯಿಂದ ಚಪ್ಪಾಳೆ ತಟ್ಟಿದ. ಕೊನೆಯಲ್ಲಿ ಅಂಥ ಒಂದು ತಿರುವು ಬರಬೇಕೆಂದು ಪುಸ್ತಕದಲ್ಲಿತ್ತು. ತಾನಾಗಿಯೇ ಬಂತಲ್ಲ ಅಂದುಕೊಂಡ. ಜೆರ್ಬೊ ಆಗಲೇ ಅಂಗಡಿಯೊಳಗೆ ಹೋಗಿದ್ದ.

ಮರುದಿನ ಬೆಳಿಗ್ಗೆ ಜೆರ್ಬೊ ರಸ್ತೆಯ ಆಚೆಯಿಂದ ಎದೆಯ ಮೇಲೆ ಕೈ ಇಟ್ಟು, "ನಮಸ್ಕಾರ. ರಾತ್ರಿ ನಿದ್ದೆ ಚೆನ್ನಾಗಾಯ್ತಾ? ಅಮ್ಮ ಆರೋಗ್ಯವಾಗಿದಾರಾ?" ಎಂದು ಕೇಳಿದ. ಕೂಕಾ ಇದು ಹೊಸ ಬಗೆಯ ತಮಾಷೆ ಎಂದು ಬಿದ್ದು ಬಿದ್ದು ನಕ್ಕ. ಜೆರ್ಬೊ ನಗಲಿಲ್ಲ. ಅದರ ಮರುದಿನವೂ ನಮಸ್ಕಾರ, ಆರೋಗ್ಯವಾ. ಮಧ್ಯಾಹ್ನ ಲಮೂಸಾ ಬೋಗುಣಿ ಇಳಿಸಿ, "ಬಾರೋ ಗಂಡ, ಕಪ್ಪೆಗಳಿಗಿಂತ ಮೊದಲು ಬಾ," ಎಂದು ಕರೆದರೆ, ಅವನು ದೂರದಿಂದಲೇ, "ನಾನು ಊಟ ಮಾಡ್ಕೊಂಡು ಬಂದಿದೀನಿ ಅಮ್ಮ," ಅಂದ. ಅಮ್ಮ ಎಂದು ಅವನು ಅವಳನ್ನು ಯಾವತ್ತೂ ಕರೆದಿರಲಿಲ್ಲ. ಮುದುಕಿ ಮಗನ ಮುಖ ನೋಡಿದಳು.

"ಏನು ಮಾಡ್ದೆ ನೀನು ಅವನಿಗೆ?"

"ಏನೂ ಮಾಡ್ಲಿಲ್ಲವ್ವ. ಬಾಯೇ ಬಿಡ್ಲಿಲ್ಲ."

ಏನು ಮಾಡಿದೆ ಎಂದು ಅವನಿಗೆ ಗೊತ್ತಾದದ್ದು ಇನೂಸಾನ ಅಂಗಡಿಯ ಟಿವಿಯಲ್ಲಿ ಕ್ಯಾಸೆಟ್ ಹಾಕಿದಾಗ. ಜೆರ್ಬೊ ಬೈಯುತ್ತಾನೆ, ಜನ ನಗುತ್ತಾರೆ, ಆಮೇಲೆ ಮೊಪೆಡ್ಡುಗಳು ಹೋಗುವ ಸದ್ದು ಮಾತ್ರ. ಜೆರ್ಬೊನ ಕಣ್ಣು ಪಕ್ಕಕ್ಕೆ ಹೊರಳುತ್ತದೆ, ಕಾಯುತ್ತದೆ, ವಾಪಸ್ ಬರುತ್ತದೆ. ಮತ್ತೆ ಬೈಯುತ್ತಾನೆ, ಮತ್ತೆ ಕಾಯುತ್ತಾನೆ. ಪ್ರತಿ ಸಲವೂ ಆ ಕಣ್ಣಿನಲ್ಲಿ ಬೆಳಕು ಸ್ವಲ್ಪ ಕಡಿಮೆ. ಎಂಥ ಪುಸ್ತಕ ಓದಿದವನೂ ಅಂಥ ಮುಖವನ್ನು ಬೇಕೆಂದು ತೆಗೆಯಲಾರ.

"ನೀನ್ಯಾಕೆ ಒಂದೂ ಮಾತಾಡ್ಲಿಲ್ಲ?" ಅಂದ ಇನೂಸಾ. "ಅಲ್ಲೇ ಇದ್ಯಲ್ಲ?"

"ನಿರ್ದೇಶಕ ಮಾತಾಡ್ಬಾರ್ದು."

"ಸರಿ. ನಿರ್ದೇಶಕ ಬೇಡ. ಮೋಸಿಯವನೊಬ್ಬ ಇರ್ಬೇಕಿತ್ತಲ್ಲ ಅಲ್ಲಿ, ಅವನೆಲ್ಲಿಗೆ ಹೋಗಿದ್ದ?"

ಕೂಕಾ ಟಿವಿಯ ಕಡೆಯಿಂದ ಮುಖ ತಿರುಗಿಸಿದ. ಕ್ಯಾಸೆಟ್ಟನ್ನು ಪೂರ್ತಿ ನೋಡಲಾಗದೆ ಎದ್ದು ಬಂದ. ಇಷ್ಟು ವರ್ಷ ಒಂದೇ ಬೋಗುಣಿಯಲ್ಲಿ ಉಂಡವನನ್ನು ಬೀದಿಯ ಮುಂದೆ ನಿಲ್ಲಿಸಿ, ನೀನು ನನಗೆ ಯಾರೂ ಅಲ್ಲ ಎಂದು ಹೇಳಿಬಿಟ್ಟಿದ್ದ. ಅದೂ ಒಂದು ಮಾತಿಲ್ಲದೆ, ಮತ್ತೆ ಮತ್ತೆ.

ಲಮೂಸಾ ಕೇಳಿ ತಲೆಗೆ ಕೈ ಹೊತ್ತುಕೊಂಡಳು. ಆಮೇಲೆ ದಾರಿ ಹೇಳಿದಳು. "ಕ್ಷಮೆ ಗಿಮೆ ಕೇಳ್ಬೇಡ. ಹೋಗಿ ಬೈದು ಬಾ. ಚೆನ್ನಾಗಿ ಬೈಯಿ. ಅವನು ತಿರುಗಿ ಬೈದ್ರೆ ಎಲ್ಲ ಸರಿಹೋಯ್ತು ಅಂತ ತಿಳ್ಕೋ."

ಸುಮ್ಮನೆ ಹೋಗಿ ಬೈದಿದ್ದರೆ ಏನಾಗುತ್ತಿತ್ತೋ. ಆದರೆ ಈ ಸಲ ತಪ್ಪಬಾರದು ಎಂದು ಕೂಕಾನಿಗೆ ಭಯ. ಪುಸ್ತಕದಲ್ಲಿ ಸಂಭಾಷಣೆ ಬರೆಯುವ ಅಧ್ಯಾಯವನ್ನು ಮತ್ತೆ ಓದಿದ. ಎರಡು ದಿನ ಕೂತು ಬೈಗುಳ ಬರೆದ, ಹೊಡೆದುಹಾಕಿದ, ತಿದ್ದಿದ, ಬಾಯಿಪಾಠ ಮಾಡಿದ. ಬೆಳಿಗ್ಗೆ ರಸ್ತೆ ದಾಟಿ ಜೆರ್ಬೊನ ಮುಂದೆ ನಿಂತು ಒಪ್ಪಿಸಿದ. ನಾಯಿ, ಅದರ ಮರಿ, ಮರಿಯ ಶ್ರಾದ್ಧಕ್ಕೆ ಬಂದ ಜೆರ್ಬೊನ ಅಜ್ಜ, ಅಜ್ಜ ಮರೆತು ಬಿಟ್ಟುಹೋದ ಹಲ್ಲು, ಎಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಂದವು. ನಡುವೆ ಒಂದು ಕಡೆ ಮರೆತು, ಹಿಂದಿನ ಸಾಲಿನಿಂದ ಮತ್ತೆ ಶುರು ಮಾಡಿದ.

ಜೆರ್ಬೊ ಟ್ಯೂಬ್ ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಾ ಪೂರ್ತಿ ಕೇಳಿದ. "ಚೆನ್ನಾಗಿದೆ," ಅಂದ. "ಬರ್ಕೊಂಡು ಬಂದ್ರಾ?"

ಅವನು ಕುಟುಕಲು ಹೇಳಿದ್ದಲ್ಲ. ನಿಜವಾಗಿಯೂ ಕೇಳಿದ್ದ. ಕೂಕಾ ಹೂಂ ಅಂದು ವಾಪಸ್ ಬಂದ.

ಆಮೇಲೆ ಅವನು ಮಾಡಿದ್ದು ಮೊದಲಿನದಕ್ಕಿಂತ ದೊಡ್ಡ ತಪ್ಪು. ಮನಸ್ಸು ತಡೆಯಲಿಲ್ಲ. ತಾಯಿಗೆ ಹೇಳದೆ, ಶುಕ್ರವಾರ ನಮ್ಮಲ್ಲಿ ಕ್ಷಮೆ ಕೇಳುವಾಗ ಅಡಿಕೆಯಂತೆ ಕೊಡುವ ಕಹಿ ಕೋಲಾಕಾಯಿ ಕೊಂಡು, ಮುತ್ತುಗದೆಲೆಯಂಥ ಅಗಲ ಎಲೆಯಲ್ಲಿ ಕಟ್ಟಿಸಿ, ದೊಡ್ಡವರೊಬ್ಬರನ್ನು ಮುಂದೆ ಮಾಡಿಕೊಂಡು ಜೆರ್ಬೊನ ಮನೆಗೆ ಹೋದ. ತಪ್ಪು ಮಾಡಿದವನು ಅನ್ಯರ ಮನೆಗೆ ಹೇಗೆ ಹೋಗಬೇಕೋ ಹಾಗೆ. ಚಪ್ಪಲಿ ಬಿಟ್ಟು, ಕುಕ್ಕರಗಾಲಲ್ಲಿ ಕೂತು, ಕ್ಷಮಿಸಬೇಕು ಅಂದ. ಜೆರ್ಬೊನ ಹೆಂಡತಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಜೆರ್ಬೊ ಕೋಲಾಕಾಯಿ ತೆಗೆದುಕೊಂಡ, ಒಡೆದ, ಎಲ್ಲರಿಗೂ ಹಂಚಿದ.

"ಮುಗೀತು. ನನ್ನ ಮನಸ್ಸಲ್ಲಿ ಏನೂ ಇಲ್ಲ. ದೇವರು ನಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ."

ಕೂಕಾ ಹಗುರಾಗಿ ಮನೆಗೆ ಬಂದು ತಾಯಿಗೆ ಹೇಳಿದ. ಲಮೂಸಾ ಅಂಗಳದಲ್ಲಿ ಸಜ್ಜೆ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ಸಾಮೊನ ಮನೆಗೆ ಕೋಲಾ ಹೊತ್ಕೊಂಡು ಹೋದ್ಯಾ? ನಿನ್ನ ಓದಿಗೆ ಬೆಂಕಿ ಬೀಳ. ನಂಟನ ಹತ್ರ ಯಾರಾದ್ರೂ ಕ್ಷಮೆ ಕೇಳ್ತಾರಾ? ಕೇಳಿದ್ಮೇಲೆ ಅದು ಜಗಳ ಅಂತಾಯ್ತಲ್ಲೋ. ಇಲ್ಲೀವರೆಗೆ ಮುನಿಸಿತ್ತು. ಈಗ ರಾಜಿ ಆಗಿದೆ. ರಾಜಿ ಆದೋರು ನಗಾಡ್ತಾರಾ?"

ಅವಳು ಹೇಳಿದ್ದೇ ಆಯಿತು. ಬೆಳಿಗ್ಗೆಯ ನಮಸ್ಕಾರ ಇನ್ನಷ್ಟು ಚೆಂದವಾಯಿತು. ಜೆರ್ಬೊ ಕೂಕಾನ ಸೈಕಲ್ಲಿನ ಚೈನನ್ನು ಪುಕ್ಕಟೆ ಸರಿಮಾಡಿಕೊಟ್ಟ. ಕೂಕಾ ಜೆರ್ಬೊನ ಮಗಳಿಗೆ ಗಣಿತದ ಪುಸ್ತಕ ಕೊಟ್ಟ. ಹೊಸಬರು ನೋಡಿದರೆ ಎಂಥ ಒಳ್ಳೆಯ ನೆರೆಯವರು ಅನ್ನಬೇಕು. ಬೀದಿಯಲ್ಲಿ ಬೆಳಿಗ್ಗೆ ನಗು ಇರಲಿಲ್ಲ, ಅಷ್ಟೇ. ಮಧ್ಯಾಹ್ನ ಬೋಗುಣಿಯ ಅರ್ಧ ಉಳಿಯುತ್ತಿತ್ತು, ಅಜಾರಾ ತಿನ್ನುತ್ತಿದ್ದಳು.

ಆ ವರ್ಷ ಧೂಳುಗಾಳಿ ಏಳುವ ಹೊತ್ತಿಗೆ ಲಮೂಸಾ ಚಾಪೆ ಹಿಡಿದಳು. ಕೆಮ್ಮು ಎದೆಗಿಳಿದು ವಾಪಸ್ ಬರಲಿಲ್ಲ. ಜೆರ್ಬೊ ನೋಡಲು ಬಂದ. ಸಂಜೆಬಿಸಿಲು ಬಾಗಿಲಲ್ಲಿತ್ತು. ಕೂಕಾ ಗೋಡೆಗೆ ಒರಗಿ ನಿಂತು ನೋಡುತ್ತಿದ್ದ.

ಮುದುಕಿ ಜೆರ್ಬೊನನ್ನು ಕಂಡು ಮೊಣಕೈ ಊರಿ ಎದ್ದಳು. "ಬಂದ್ಯಾ ನಾಯಿತಿನ್ನೋನೆ. ಹೆಂಡ್ತಿ ಸಾಯೋ ತನಕ ಕಾದು, ಪಾತ್ರೆ ಹೊತ್ಕೊಂಡು ಹೋಗೋಣ ಅಂತ ಬಂದ್ಯಾ?"

ಜೆರ್ಬೊನ ತುಟಿ ಅಲುಗಿತು. ಒಂದು ಕ್ಷಣ ಹಳೆಯ ಜೆರ್ಬೊ ಮುಖದಲ್ಲಿ ಬಂದು ಹೋದ. ಆಮೇಲೆ ಅವನು ಗೋಡೆಯ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ, "ಬೇಡ ಅಮ್ಮ. ನಿಮ್ಮ ಮಗನಿಗೆ ನೋವಾಗುತ್ತೆ," ಅಂದ.

"ನನಗೆ ನೋವಾಗಲ್ಲ," ಅಂದ ಕೂಕಾ. "ಬೈಯೋ. ಬೈಯೋ ಮಾರಾಯ."

"ನೀವು ದೊಡ್ಡ ಮನಸ್ಸಿನವರು," ಅಂದ ಜೆರ್ಬೊ, ಗೌರವದಿಂದ. ಕಿತ್ತಳೆಹಣ್ಣಿನ ಚೀಲವನ್ನು ಚಾಪೆಯ ಪಕ್ಕ ಇಟ್ಟು ಹೋದ.

ಅವನು ಹೋದ ಮೇಲೆ ಲಮೂಸಾ ಆ ಚೀಲವನ್ನು ದೂರ ಸರಿಸಿದಳು. "ನಿಮ್ಮಪ್ಪನ್ನ ಅವನು ಎಷ್ಟು ಹೊತ್ತು ತಡೆದ," ಅಂದಳು. "ನನ್ನನ್ನೂ ತಡೀತಾನೇನೋ ಕೂಕಾ? ಹಂಗೇ ಹೋಗೋಕೆ ಬಿಟ್ಟುಬಿಡ್ತಾನಾ?"

"ತಡೀತಾನವ್ವ. ತಡೀದೆ ಇರ್ತಾನಾ?"

ಅವನು ಅವಳ ಹೊದಿಕೆ ಸರಿಮಾಡಿದ. ಅವಳು ನಂಬಿದ ಹಾಗೆ ಕಣ್ಣು ಮುಚ್ಚಿದಳು. ಕೂಕಾನಿಗೆ ಸಿನಿಮಾ ಬೇಡವಾಯಿತು, ಹೆಸರು ಬೇಡವಾಯಿತು. ಜೆರ್ಬೊ ಒಂದು ಸಲ ರಸ್ತೆಗೆ ಅಡ್ಡ ಮಲಗಿದರೆ ಸಾಕು ಎಂದು ಅವನು ಬೇಡಿಕೊಂಡ. ಹೋಗಿ ಜೆರ್ಬೊನಿಗೆ ಹೇಳಿಬಿಡೋಣವೆಂದು ರಸ್ತೆಯ ಅರ್ಧದ ತನಕ ಹೋಗಿ ಎಷ್ಟೋ ಸಲ ತಿರುಗಿ ಬಂದ. ಹೇಳಿದರೆ ಅವನು ಮಲಗುತ್ತಿದ್ದನೇನೋ, ಒಳ್ಳೆಯ ನೆರೆಯವನು. ಆದರೆ ಅದು ಮತ್ತೆ ಹೇಳಿ ಮಾಡಿಸಿದ್ದೇ ಆಗುತ್ತಿತ್ತು. ಒಂದು ಸಲ ಹೇಳಿ ಮಾಡಿಸಿದ್ದೇ ಸಾಕಾಗಿತ್ತು.

ಲಮೂಸಾ ಒಂದು ಬೆಳಿಗ್ಗೆ ಹೋದಳು. ಮಧ್ಯಾಹ್ನ ಇಳಿದ ಮೇಲೆ ಪೆಟ್ಟಿಗೆಯನ್ನು ಎತ್ತಿದರು. ಸ್ಮಶಾನಕ್ಕೆ ಹತ್ತಿರದ ದಾರಿ ಬೇರೆ ಇತ್ತು. ಕೂಕಾ ಬೇವಿನ ಮರದ ದಾರಿಯಲ್ಲೇ ಹೋಗೋಣ ಅಂದ. ಯಾಕೆ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಜೆರ್ಬೊ ಅಂಗಡಿ ಮುಚ್ಚಿದ್ದ. ಒಗೆದ ಬಿಳಿ ಅಂಗಿ ಹಾಕಿಕೊಂಡು, ಟೋಪಿ ಕೈಯಲ್ಲಿ ಹಿಡಿದು, ರಸ್ತೆಯ ಅಂಚಿನಲ್ಲಿ ನಿಂತಿದ್ದ. ಅವನ ಹಿಂದೆ ಆ ಕಡೆಯ ಸಾಮೊ ಹುಡುಗರು ಕೆಲವರಿದ್ದರು. ಹಿರಿಯ ಶುರು ಮಾಡಿದರೆ ತಾವೂ ನುಗ್ಗೋಣ ಎಂದು ಅವನ ಬೆನ್ನನ್ನೇ ನೋಡುತ್ತಿದ್ದರು. ಹೊತ್ತವರು ಅಂಗಡಿಯ ಮುಂದೆ ಬಂದಾಗ ಹೆಜ್ಜೆ ನಿಧಾನ ಮಾಡಿದರು, ಆಮೇಲೆ ನಿಂತೇಬಿಟ್ಟರು. ಪೆಟ್ಟಿಗೆ ಭಾರವಿರಲಿಲ್ಲ, ಮುದುಕಿ ಕೊನೆಗೆ ಹಿಡಿಯಷ್ಟಾಗಿದ್ದಳು. ಆದರೂ ಬೇಕೆಂದೇ ಉಸ್ಸಪ್ಪಾ ಅಂದರು, ಹೆಗಲು ಬದಲಿಸಿದರು, ಅವನಿಗೆ ಹೊತ್ತು ಕೊಟ್ಟರು.

ಜೆರ್ಬೊ ತಾನು ಕೂರುವ ಸ್ಟೂಲು ದಾರಿಗೆ ಅಡ್ಡ ಇರುವುದನ್ನು ಆಗ ನೋಡಿದ. ಬಗ್ಗಿ ಅದನ್ನು ಎತ್ತಿ ಪಕ್ಕಕ್ಕಿಟ್ಟ, ಅವರಿಗೆ ಹೋಗಲು ದಾರಿಯಾಗಲಿ ಎಂದು.

ಕೂಕಾನ ಒಳಗೆ ಏನೋ ಕಿತ್ತು ಬಂತು. ಅವನು ಹೆಗಲ ಮೇಲಿದ್ದ ಪೆಟ್ಟಿಗೆಯನ್ನು ಪಕ್ಕದವನಿಗೆ ಬಿಟ್ಟು ಮುಂದೆ ನುಗ್ಗಿದ. ಬರೆದದ್ದಲ್ಲ, ತಿದ್ದಿದ್ದಲ್ಲ, ಎಲ್ಲಿಂದಲೋ ಬಂದ ಮಾತು.

"ಏ ಜೆರ್ಬೊ, ನಾಯಿತಿನ್ನೋನೆ, ಕಣ್ಣು ಹೋಗಿದೆಯೇನೋ? ನಿನ್ನ ಹೆಂಡ್ತೀನ ಹೊತ್ಕೊಂಡು ಹೋಗ್ತಿದೀವಿ ಕಣೋ. ನಿನಗೆ ಮುದ್ದೆ ಹಾಕಿ ಹಾಕಿ ಕೈ ಸವೆದು ಸತ್ಲು. ತಡೀದೆ ಸ್ಟೂಲ್ ಎತ್ತಿಡ್ತೀಯಾ? ಥೂ ನಿನ್ನ. ಆಳಾಗಿ ಹುಟ್ಟೋದಕ್ಕೂ ಲಾಯಕ್ಕಿಲ್ಲ ನೀನು."

ಅಂಥ ಬೈಗುಳವನ್ನು ಕೂಕಾ ಜನ್ಮದಲ್ಲಿ ಬೈದಿರಲಿಲ್ಲ. ಅಜಾರಾ ಇನ್ನೇನು ನಗಲಿದ್ದಳು. ಜೆರ್ಬೊ ಅವನನ್ನು ನೋಡಿದ. ಅವನ ಕಣ್ಣು ತುಂಬಿ ಕೆನ್ನೆಗೆ ಇಳಿಯಿತು. ಅವನು ಎರಡು ಹೆಜ್ಜೆ ಬಂದು, ಟೋಪಿ ಹಿಡಿದ ಕೈಯಲ್ಲೇ ಕೂಕಾನ ಹೆಗಲು ಮುಟ್ಟಿದ.

"ಸಮಾಧಾನ ಮಾಡ್ಕೊಳ್ಳಿ," ಅಂದ. "ತಾಯಿ ಹೋದಾಗ ಯಾರಿಗಾದ್ರೂ ಬಾಯಿಗೆ ಏನೇನೋ ಬರುತ್ತೆ. ನಾನು ಮನಸ್ಸಿಗೆ ಹಚ್ಕೊಳ್ಳಲ್ಲ."

ಹೊತ್ತವರಲ್ಲಿ ಒಬ್ಬ ಇನ್ನೂ ಸ್ವಲ್ಪ ಕಾದು ನೋಡಿದ. ಹಿಂದೆ ನಿಂತಿದ್ದ ಸಾಮೊ ಹುಡುಗರು ನೆಲ ನೋಡಿದರು. ಕೂಕಾ ಕಣ್ಣೊರೆಸಿಕೊಂಡು ತನ್ನ ಜಾಗಕ್ಕೆ ಬಂದು ಪೆಟ್ಟಿಗೆಗೆ ಮತ್ತೆ ಹೆಗಲು ಕೊಟ್ಟ. ಅಲ್ಲಿಂದ ಸ್ಮಶಾನದ ತನಕ ಲಮೂಸಾಳನ್ನು ಯಾರೂ ತಡೆಯಲಿಲ್ಲ.